ಹಿತ್ತಲ ಶೆಡ್: ತಗಡೋ, ಮರವೋ, ಪ್ಲಾಸ್ಟಿಕ್ಕೋ, ಇಟ್ಟಿಗೆಯೋ?

ಹಿತ್ತಲಲ್ಲೊಂದು ಸಾಮಾನಿನ ಶೆಡ್ ಬೇಕು ಎಂದು ಮನಸ್ಸಾದ ಕೂಡಲೇ ಹೆಚ್ಚಿನವರು ನೋಡುವುದು ಅದರ ಬೆಲೆ, ಬಣ್ಣ ಮತ್ತು ಚಂದ. ನಾನೂ ಹಾಗೆಯೇ ನೋಡಿ ತಂದವನು. ನನ್ನ ಮೊದಲ ಶೆಡ್ ತೆಳು ತಗಡಿನದು. ಮಳೆಯ ಒಂದು ಹನಿಯೂ ಒಳಗೆ ಬೀಳುತ್ತಿರಲಿಲ್ಲ. ಆದರೂ ಬೆಳಗ್ಗೆ ಬಾಗಿಲು ತೆರೆದರೆ ರಟ್ಟಿನ ಪೆಟ್ಟಿಗೆಗಳ ಮೇಲ್ಭಾಗ ಒದ್ದೆ. ಸೋರುವ ತೂತು ಹುಡುಕಲು ಮಾಡಿನ ಮೇಲೆ ಹತ್ತಿ, ಒಂದೊಂದು ಸ್ಕ್ರೂವಿಗೂ ಸೀಲೆಂಟ್ ಬಳಿದೆ. ಮರುದಿನವೂ ಒದ್ದೆ. ಕೊನೆಗೆ ಒಂದು ನಸುಕಿನಲ್ಲಿ ಟಾರ್ಚ್ ಹಿಡಿದು ಒಳಗೆ ಹೋದಾಗ ಗುಟ್ಟು ಬಯಲಾಯಿತು: ಚಾವಣಿಯ ಒಳಮೈಗೆ ಸಾಲುಸಾಲಾಗಿ ಹನಿಗಳು ಜೋತುಬಿದ್ದಿದ್ದವು. ಒಳಗಿನ ಗಾಳಿಯಲ್ಲಿದ್ದ ತೇವವೇ ತಣ್ಣನೆಯ ತಗಡಿಗೆ ತಾಗಿ ಇಬ್ಬನಿಯಾಗಿ, ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಇಷ್ಟು ದಿನ ಮುಚ್ಚಿದ್ದೆಲ್ಲ ಇಲ್ಲದ ತೂತುಗಳನ್ನು.

ಆಮೇಲೆ ಕಟ್ಟಿದ, ಕಟ್ಟಿಸಿದ, ಬೇರೆಯವರ ಹಿತ್ತಲಲ್ಲಿ ಇಣುಕಿ ನೋಡಿದ ಶೆಡ್‌ಗಳಿಂದ ನನಗೆ ತಿಳಿದದ್ದು ಇಷ್ಟು. ಯಾವ ವಸ್ತುವಿನ ಶೆಡ್ಡೇ ಆಗಲಿ, ಗೋಡೆಯ ನಟ್ಟನಡುವೆ ಹಾಳಾಗುವುದು ಅಪರೂಪ. ನೆಲ ಮುಟ್ಟುವ ಪಾದ, ಕತ್ತರಿಸಿದ ಅಂಚು, ಸ್ಕ್ರೂ ಇಳಿದ ತೂತು, ಗಾಳಿಯಾಡದ ಮೂಲೆ, ಕೇಡು ಶುರುವಾಗುವುದು ಅಲ್ಲಿಂದ. ಹಾಗಾಗಿ ಮರ ಒಳ್ಳೆಯದೋ ತಗಡು ಒಳ್ಳೆಯದೋ ಎಂದು ಬರಿದೇ ಚರ್ಚಿಸುವುದಕ್ಕಿಂತ, ನಿಮ್ಮ ಜಾಗದಲ್ಲಿ, ನೀವಿಡುವ ಸಾಮಾನಿನ ಜೊತೆ, ಈ ನಾಲ್ಕು ಕಡೆಗಳಲ್ಲಿ ಆ ವಸ್ತು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿಕೊಳ್ಳುವುದು ಲೇಸು.

ಹೆಜ್ಜೆ 1: ಒಳಗೆ ಏನಿಡುತ್ತೀರಿ, ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಶೆಡ್ಡಿಗೆ ಹೋಗಬೇಕಾದ ಸಾಮಾನುಗಳನ್ನೆಲ್ಲ ಬರೆಯಿರಿ. ಬಾಯಿಲೆಕ್ಕ ಸಾಲದು. ಹಾರೆ, ಗುದ್ದಲಿ, ಸಲಿಕೆ, ಹೂಕುಂಡ, ನೀರಿನ ಪೈಪು ಮಾತ್ರ ಇದ್ದರೆ ಯಾವ ವಸ್ತುವಾದರೂ ನಡೆಯುತ್ತದೆ. ಅವು ಸ್ವಲ್ಪ ತೇವ ತಡೆದುಕೊಳ್ಳುತ್ತವೆ. ವಿದ್ಯುತ್ ಉಪಕರಣ, ಹಾಸಿಗೆ, ಪುಸ್ತಕ, ಬಿತ್ತನೆ ಬೀಜ ಬಂದವೆಂದರೆ ಮಾತು ಬದಲಾಯಿತು. ಆಗ ಒಳಗೆ ಇಬ್ಬನಿ ಕಟ್ಟದ ಗೋಡೆ ಮತ್ತು ಮಾಡು ಬೇಕು.

ರಸಗೊಬ್ಬರವನ್ನೂ ಈಜುಕೊಳಕ್ಕೆ ಹಾಕುವ ಕ್ಲೋರಿನ್ ಪುಡಿಯನ್ನೂ ಬೇರೆಯಾಗಿ ಗುರುತು ಹಾಕಿಕೊಳ್ಳಿ. ಗೊಬ್ಬರ ಗಾಳಿಯ ತೇವ ಹೀರಿ, ಉಪ್ಪುನೀರಿನಂತೆ ತಗಡನ್ನು ತಿನ್ನುತ್ತದೆ. ಕ್ಲೋರಿನ್ ಪುಡಿಯ ಡಬ್ಬಿ ಮುಚ್ಚಿದ್ದರೂ ಅದರ ಆವಿ ಹತ್ತಿರದ ಬಿಜಾಗರಿ, ಚಿಲಕ, ಉಪಕರಣಗಳಿಗೆ ತುಕ್ಕು ಹಿಡಿಸುತ್ತದೆ, ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಇವೆರಡನ್ನು ಒಂದೇ ಕಡೆ ಇಡುವುದು ಬೆಂಕಿಗೂ ವಿಷಗಾಳಿಗೂ ಆಹ್ವಾನ. ಇವುಗಳಿಗೆ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆ-ಶೆಡ್‌ಗಳನ್ನು ಬೇರೆ ಬೇರೆ ಕಡೆ ಇಟ್ಟುಕೊಳ್ಳುವುದು ಒಳ್ಳೆಯದು. ಪೆಟ್ರೋಲ್, ಥಿನ್ನರ್ ಇಡುವವರು ಕೆಳಗೂ ಮೇಲೂ ಗಾಳಿ ಆಡುವಂತೆ ಮಾಡಿಕೊಳ್ಳಬೇಕು, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹಾಸಿಕೊಂಡು ಕೂರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮರದ ಶೆಡ್ಡಿನ ಮೂಲೆಗೆ ಎಸೆಯಬೇಡಿ; ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು.

ಇನ್ನೊಂದು ಪ್ರಶ್ನೆ: ಗೋಡೆಗೆ ಎಷ್ಟು ತೂಗುಹಾಕುತ್ತೀರಿ? ಮರದ ಚೌಕಟ್ಟಿಗೆ ಎಲ್ಲಿ ಬೇಕಾದರೂ ಮೊಳೆ ಹೊಡೆದು ಸೈಕಲ್ಲನ್ನೂ ಏಣಿಯನ್ನೂ ನೇತುಹಾಕಬಹುದು. ತೆಳು ತಗಡಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಅಷ್ಟು ಭಾರ ತಾಳುವುದಿಲ್ಲ, ಅಲ್ಲಿ ತನ್ನ ಕಾಲ ಮೇಲೆ ನಿಲ್ಲುವ ಕಪಾಟು ಬೇಕು. ಅದಕ್ಕೆ ನೆಲದ ಜಾಗವೂ ಹೋಗುತ್ತದೆ. ಅಳತೆ ತೀರ್ಮಾನಿಸುವಾಗ ಈ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ.

ಹೆಜ್ಜೆ 2: ಜಾಗವನ್ನು ಮಳೆಯಲ್ಲಿ ನೋಡಿ

ಬಿಸಿಲಿನಲ್ಲಿ ಎಲ್ಲ ಜಾಗವೂ ಒಳ್ಳೆಯದೇ. ಜೋರು ಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಹರಿಯುತ್ತದೆ, ಮನೆಯ ಸೂರಿನ ನೀರು ಎಲ್ಲಿ ಬೀಳುತ್ತದೆ ಎಂದು ನೋಡಿ. ಮಳೆ ನಿಂತು ಒಂದು ಗಂಟೆಯಾದರೂ ನೀರು ಇಂಗದ ಕಡೆ ಮರದ ಶೆಡ್ ಬೇಡ. ಬೇರೆ ದಾರಿ ಇಲ್ಲದಿದ್ದರೆ ಮೊದಲು ನೆಲ ಎತ್ತರಿಸಿ. ಹಗಲಿಡೀ ಬಿಸಿಲು ಬೀಳುವ ಜಾಗದಲ್ಲಿ ಪ್ಲಾಸ್ಟಿಕ್ ಬೇಗ ಸೋಲುತ್ತದೆ. ಗಿಡಮರಗಳ ನೆರಳಿನಲ್ಲಿ ಯಾವಾಗಲೂ ಒದ್ದೆಯಾಗಿರುವ ಮೂಲೆ ಮರಕ್ಕೆ ಆಗದು. ಸಮುದ್ರ ಹತ್ತಿರವಿದ್ದರೆ ಉಪ್ಪುಗಾಳಿಗೆ ಸಾಧಾರಣ ಸತುವಿನ ತಗಡು ಬಹಳ ದಿನ ತಡೆಯುವುದಿಲ್ಲ, ಅಲ್ಲಿ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಲೇಸು.

ಗಾಳಿಯ ಬಲವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ, ಗಾಬರಿಯಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 47 ಕೆ.ಜಿ. ತೂಕದಷ್ಟು ಒತ್ತುತ್ತದೆ. 3 ಮೀಟರ್ ಉದ್ದ, 2 ಮೀಟರ್ ಎತ್ತರದ ಗೋಡೆಯ ಮೇಲೆ ಅದು 280 ಕೆ.ಜಿ. ಆಯಿತು. ಈಗ ಅದೇ ಅಳತೆಯ, 3 ಮೀಟರಿಗೆ 2 ಮೀಟರಿನ ಶೆಡ್ಡಿನ ನಾಲ್ಕು ಗೋಡೆಗಳನ್ನು ತೂಗಿ. ಅರ್ಧ ಮಿಲಿಮೀಟರ್ ದಪ್ಪದ ತಗಡಿನಲ್ಲಾದರೆ ಸುಮಾರು 80 ಕೆ.ಜಿ. ಅರ್ಧ ಇಟ್ಟಿಗೆಯ ಗೋಡೆಯಲ್ಲಾದರೆ ಹತ್ತಿರಹತ್ತಿರ ನಾಲ್ಕು ಟನ್. ತಗಡು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಆರಿಸುವವರು ಶೆಡ್ಡನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿಯಲೇಬೇಕು. ಅದನ್ನು ಬಯಲಿನಲ್ಲಿ ಸುಮ್ಮನೆ ಕೂರಿಸಿದರೆ ಮುಂದಿನ ಬಿರುಗಾಳಿಗೆ ನೆರೆಮನೆಯವರ ಪಾಲು. ಕಟ್ಟುವ ಮುನ್ನ ಅನುಮತಿ ಬೇಕೇ, ಬೇಲಿಯಿಂದ ಎಷ್ಟು ದೂರ ಬಿಡಬೇಕು ಎಂಬುದನ್ನು ನಿಮ್ಮ ಸ್ಥಳೀಯ ಕಚೇರಿಯಲ್ಲಿ ಒಮ್ಮೆ ಕೇಳಿಬಿಡಿ.

ಹೆಜ್ಜೆ 3: ವಸ್ತುಗಳನ್ನು ಒಂದೊಂದಾಗಿ ತೂಗಿ ನೋಡಿ

*ತಗಡು.* ತಗಡಿನಲ್ಲಿ ತಗಡಿಗೆ ಅಜಗಜಾಂತರ. ಒಳಗಿರುವುದು ಉಕ್ಕು, ಮೇಲಿರುವುದು ಸತುವಿನ ಲೇಪ. ಲೇಪ ಎಷ್ಟು ಎನ್ನುವುದರ ಮೇಲೆ ಆಯುಷ್ಯ ನಿಂತಿದೆ. ಶೀಟಿನ ಮೇಲೆ ಅಥವಾ ಅದರ ವಿವರ ಪತ್ರದಲ್ಲಿ ಝಡ್ 275 ಎಂದಿದ್ದರೆ, ಒಂದು ಚದರ ಮೀಟರ್ ತಗಡಿನ ಎರಡೂ ಮೈಗೆ ಸೇರಿ 275 ಗ್ರಾಂ ಸತುವಿದೆ ಎಂದರ್ಥ. ಒಂದೊಂದು ಮೈಗೆ ಸುಮಾರು 20 ಮೈಕ್ರಾನ್. ಝಡ್ 120 ಎಂದಿದ್ದರೆ ಅದರ ಅರ್ಧಕ್ಕಿಂತ ಕಡಿಮೆ. ಸತುವಿನದು ದೊಡ್ಡ ಮನಸ್ಸು: ಗೀರು ಬಿದ್ದಲ್ಲಿ, ಕತ್ತರಿಸಿದ ಅಂಚಿನಲ್ಲಿ, ಉಕ್ಕಿಗಿಂತ ಮೊದಲು ತಾನು ಸವೆದು ಉಕ್ಕನ್ನು ಕಾಯುತ್ತದೆ. ಆ ಸತು ಮುಗಿದ ದಿನ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ.

ಅಲ್ಯೂಮಿನಿಯಂ-ಸತು ಮಿಶ್ರಣದ ಲೇಪವೂ ಸಿಗುತ್ತದೆ. ಅದರಲ್ಲಿ ತೂಕದ ಲೆಕ್ಕದಲ್ಲಿ 55 ಶೇಕಡಾ ಅಲ್ಯೂಮಿನಿಯಂ, 43.4 ಶೇಕಡಾ ಸತು, ಉಳಿದದ್ದು ಸಿಲಿಕಾನ್. ಮಳೆಬಿಸಿಲಿಗೆ ಸಾಮಾನ್ಯವಾಗಿ ಇದು ಬರಿಯ ಸತುವಿಗಿಂತ ಹೆಚ್ಚು ಬಾಳುತ್ತದೆ. ಆದರೆ ಹಸಿ ಸಿಮೆಂಟೂ ಕೊಟ್ಟಿಗೆಯ ಗಂಜಲದ ಆವಿಯೂ ಇದಕ್ಕೆ ಆಗುವುದಿಲ್ಲ. ಗಾರೆ ಕೆಲಸ ಪೂರ್ತಿ ಮುಗಿದು ಒಣಗಿದ ಮೇಲೆ ಶೀಟು ಕೂರಿಸಿ. ದನದ ಕೊಟ್ಟಿಗೆಗೆ ತಾಗಿದ ಶೆಡ್ಡಾದರೆ ಬೇರೆ ನೋಡಿ.

ದಪ್ಪವನ್ನು ಗೇಜ್ ಲೆಕ್ಕದಲ್ಲಿ ಕೇಳಬೇಡಿ. ಗೇಜ್ ಸಂಖ್ಯೆ ಹೆಚ್ಚಿದಷ್ಟು ತಗಡು ತೆಳು ಎಂಬುದೇ ಹಲವರಿಗೆ ತಲೆಕೆಳಗು. ಸಾಲದ್ದಕ್ಕೆ ಒಂದು ಗೇಜ್ ಪಟ್ಟಿಯಲ್ಲಿ 24 ಎಂದರೆ ಸುಮಾರು 0.56 ಮಿ.ಮೀ., ಇನ್ನೊಂದರಲ್ಲಿ 0.70 ಮಿ.ಮೀ. ಮಿಲಿಮೀಟರಿನಲ್ಲೇ ಕೇಳಿ. ಮಾತು ನಂಬಿಕೆಯಾಗದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಅಂಗಡಿಯವರಿಂದ ಚೂರು ತಗಡು ಕೇಳಿ ತನ್ನಿ, ಸಪಾಟಾದ ಭಾಗದಿಂದ 10 ಸೆಂ.ಮೀ. ಚೌಕ ಕತ್ತರಿಸಿ, ಅಡುಗೆಮನೆಯ ತಕ್ಕಡಿಯಲ್ಲಿಡಿ. ಅರ್ಧ ಮಿಲಿಮೀಟರ್ ತಗಡಾದರೆ ಸುಮಾರು 39 ಗ್ರಾಂ ತೂಗುತ್ತದೆ. 0.3 ಮಿ.ಮೀ. ಆದರೆ 24 ಗ್ರಾಂ ಕೂಡ ಇರುವುದಿಲ್ಲ. ನನ್ನ ಮೊದಲ ಶೆಡ್ಡಿನ ಚೂರನ್ನು ತೂಗಿದ ದಿನ ನನಗೆ ನಗು ಬಂತು. ಅಂಗೈಯಗಲದ ತಗಡು ಒಂದು ಅಂಚೆ ಲಕೋಟೆಯಷ್ಟು ಹಗುರ. ಗೋಡೆಗೆ 0.4 ಮಿ.ಮೀ. ಒಳಗೆ ಹೋಗಬೇಡಿ, ಮೇಲೆ ಹತ್ತಿ ಕೆಲಸ ಮಾಡಬೇಕಾಗಬಹುದಾದ ಮಾಡಿಗೆ 0.5 ಇರಲಿ ಎಂಬುದು ನನ್ನ ಅಭಿಪ್ರಾಯ.

ಇಬ್ಬನಿಯ ಕಥೆ ಮೇಲೆ ಹೇಳಿದೆ. ಮೋಡವಿಲ್ಲದ ರಾತ್ರಿ ತಗಡಿನ ಮಾಡು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ತೇವ ಬಂದು ಅದಕ್ಕೆ ಕಟ್ಟಿಕೊಳ್ಳುತ್ತದೆ. ತೇವ ಬರುವುದು ಹೆಚ್ಚಾಗಿ ನೆಲದಿಂದ. ಆದ್ದರಿಂದ ಕಾಂಕ್ರೀಟ್ ಹಾಕುವ ಮುನ್ನ ಕೆಳಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ. ಎದುರುಬದುರು ಗೋಡೆಗಳಲ್ಲಿ ಒಂದು ಕಿಂಡಿ ಕೆಳಗೆ, ಇನ್ನೊಂದು ಮೇಲೆ ಇರಲಿ. ಒಳಮೈಗೆ ಬಟ್ಟೆಯಂಥ ಹೊದಿಕೆ ಅಂಟಿಸಿದ ಶೀಟುಗಳು ಬರುತ್ತವೆ. ಅವು ರಾತ್ರಿಯ ಹನಿಯನ್ನು ಹಿಡಿದಿಟ್ಟುಕೊಂಡು ಹಗಲಿನಲ್ಲಿ ಒಣಗುತ್ತವೆ. ಮಾಡಿಗಾದರೂ ಅದನ್ನು ಬಳಸಿ.

ಕೆಲಸಗಾರರ ಕೈಯಲ್ಲಿ ಆಗುವ ತಪ್ಪುಗಳು ಮೂರು. ತಗಡನ್ನು ಗ್ರೈಂಡರಿನಲ್ಲಿ ಕತ್ತರಿಸಿದರೆ ಕಿಡಿ ಹಾರಿ ಅಂಚಿನ ಲೇಪ ಸುಟ್ಟುಹೋಗುತ್ತದೆ, ಕಿಡಿ ಬಿದ್ದ ಕಡೆಯಲ್ಲೆಲ್ಲ ಚುಕ್ಕೆ ತುಕ್ಕು ಏಳುತ್ತದೆ. ತಗಡಿನ ಕತ್ತರಿಯನ್ನೇ ಬಳಸುವಂತೆ ಹೇಳಿ. ತೂತು ಕೊರೆದಾಗ ಉದುರುವ ಉಕ್ಕಿನ ಸುರುಳಿ ಚೂರುಗಳನ್ನು ಅಂದೇ ಗುಡಿಸಬೇಕು, ಇಲ್ಲದಿದ್ದರೆ ಮೊದಲ ಮಳೆಗೆ ಅವು ಕರಗಿದ ಬೆಲ್ಲದಂತೆ ಕಂದು ಗೆರೆ ಬಿಡುತ್ತವೆ. ಇನ್ನು ರಬ್ಬರ್ ವಾಷರ್ ಇರುವ ಸ್ಕ್ರೂ. ಶಕ್ತಿ ಇದೆಯೆಂದು ತಿರುಗಿಸುತ್ತಲೇ ಹೋದರೆ ರಬ್ಬರು ಹಿಚುಕಿ ಬದಿಗೆ ಸರಿದು, ನೀರಿಗೆ ದಾರಿಯಾಗುತ್ತದೆ. ವಾಷರಿನ ಅಂಚು ಲೋಹದ ಬಿಲ್ಲೆಯ ಕೆಳಗಿನಿಂದ ತುಸು ಉಬ್ಬಿ ಕಂಡಾಗ ನಿಲ್ಲಿಸಬೇಕು. ಅಂದ ಹಾಗೆ, ತಂದ ಶೀಟುಗಳನ್ನು ಒದ್ದೆಯಾಗಿ ಒಂದರ ಮೇಲೊಂದು ಪೇರಿಸಿಟ್ಟರೆ ಗಾಳಿಯಿಲ್ಲದೆ ನಡುವೆ ಬಿಳಿ ಪುಡಿ ಹಿಡಿಯುತ್ತದೆ. ಅದು ಸತು ಸವೆಯುತ್ತಿರುವ ಗುರುತು. ಶೆಡ್ ಕಟ್ಟುವ ಮುನ್ನವೇ ಆಯುಷ್ಯ ಕಳೆದುಕೊಂಡಂತಾಯಿತು.

ಅಲ್ಯೂಮಿನಿಯಂ ಶೆಡ್ಡಿಗೆ ಕೆಂಪು ತುಕ್ಕಿನ ಕಾಟವಿಲ್ಲ, ತೂಕ ಉಕ್ಕಿನ ಮೂರರಲ್ಲೊಂದು ಭಾಗ. ಆದರೆ ಮೆತ್ತಗೆ. ಚೆಂಡು ಬಿದ್ದರೆ ತಗ್ಗು ಬೀಳುತ್ತದೆ.

*ಮರ.* ಹಿತ್ತಲಿನ ನಡುವೆ ನೋಡಲು ಒಪ್ಪುವುದು ಮರ, ಸಂದೇಹವಿಲ್ಲ. ಒಳಗಿನ ತಾಪ ಹೆಚ್ಚು ಏರಿಳಿಯುವುದಿಲ್ಲ, ಇಬ್ಬನಿ ಬಹಳ ಕಡಿಮೆ, ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಇಷ್ಟೆಲ್ಲ ಕೊಡುವ ಮರ ಪ್ರತಿಯಾಗಿ ಕೇಳುವುದು ನಿಮ್ಮ ಗಮನವನ್ನು.

ಮರವನ್ನು ಕೊಳೆಸುವುದು ಶಿಲೀಂಧ್ರ. ಮರದೊಳಗಿನ ತೇವ ಅದರ ಒಣ ತೂಕದ 20 ಶೇಕಡಾಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಮಳೆಯಲ್ಲಿ ಮರ ನೆನೆದರೆ ಕೆಡುಕಿಲ್ಲ. ನೆನೆದದ್ದು ಒಣಗದೆ ಉಳಿದರೆ ಕೆಡುಕು. ಆದ್ದರಿಂದ ಮರದ ಯಾವ ಭಾಗವೂ ಮಣ್ಣಿಗೆ ತಾಗಬಾರದು. ನೆಲದಿಂದ ಕನಿಷ್ಠ 15 ಸೆಂ.ಮೀ. ಮೇಲಿರಲಿ. ಸೂರು ಗೋಡೆಯಿಂದ ಸಾಕಷ್ಟು ಹೊರಚಾಚಲಿ. ನೆಲಕ್ಕೆ ಬಿದ್ದ ಮಳೆಹನಿ ಸಿಡಿದು ಗೋಡೆಯ ಬುಡ ಒದ್ದೆಯಾಗದಂತೆ ಸುತ್ತ ಜಲ್ಲಿ ಹರವಿ. ಹಲಗೆಯ ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅಲ್ಲಿ ಕಾಣುವ ಸಣ್ಣ ಸಣ್ಣ ರಂಧ್ರಗಳು ಮರ ಜೀವಂತವಿದ್ದಾಗ ನೀರು ಏರಿಸುತ್ತಿದ್ದ ಕೊಳವೆಗಳು. ಸತ್ತ ಮೇಲೂ ನೀರು ಕುಡಿಯುವುದನ್ನು ಬಿಟ್ಟಿಲ್ಲ. ಬಣ್ಣ ಬಳಿಯುವಾಗ ತುದಿಗೆ ಎರಡು ಮೂರು ಸಲ ಬಳಿಯಿರಿ, ಅಗಲದ ಮೈಗೆ ಒಂದು ಕೋಟ್ ಕಡಿಮೆಯಾದರೂ ಚಿಂತೆಯಿಲ್ಲ.

ಮರದ ಚೇಗು, ಅಂದರೆ ನಡುವಿನ ಗಾಢ ಬಣ್ಣದ ಭಾಗ, ತೇಗ ಮತ್ತು ಸೀಡರ್‌ನಂಥ ಮರಗಳಲ್ಲಿ ತಾನಾಗಿಯೇ ಕೊಳೆತವನ್ನು ತಡೆಯುತ್ತದೆ. ಹೊರಗಿನ ಬಿಳಿ ಭಾಗಕ್ಕೆ, ಎಂಥ ದೊಡ್ಡ ಹೆಸರಿನ ಮರವಾದರೂ, ಆ ಗುಣವಿಲ್ಲ. ತೇಗವೆಂದು ಬಿಳಿ ಅಂಚಿನ ಹಲಗೆ ಕೊಟ್ಟರೆ ನೀವು ಕೊಂಡದ್ದು ಹೆಸರನ್ನು ಮಾತ್ರ. ಪೈನ್‌ನಂಥ ಮೆದುಮರವಾದರೆ ಒತ್ತಡದಲ್ಲಿ ರಾಸಾಯನಿಕ ಹೊಗಿಸಿ ಸಂಸ್ಕರಿಸಿದ್ದನ್ನೇ ಕೊಳ್ಳಿ. ಈಗಿನ ಸಂಸ್ಕರಣೆಯಲ್ಲಿ ತಾಮ್ರವೇ ಮುಖ್ಯ. ಹಿಂದೆ ಅದರ ಜೊತೆ ಆರ್ಸೆನಿಕ್ ಕೂಡ ಇರುತ್ತಿತ್ತು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಬಳಸುವುದು ನಿಂತಿತು. ಹಳೆಯ ಹಸಿರು ಛಾಯೆಯ ಹಲಗೆ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಹಳೆಯದಾಗಲಿ ಹೊಸದಾಗಲಿ ಸಂಸ್ಕರಿಸಿದ ಮರದ ಚೂರನ್ನು ಒಲೆಗಂತೂ ಹಾಕಲೇಬೇಡಿ. ಈ ತಾಮ್ರ ಸಾಧಾರಣ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಅಥವಾ ಸ್ಟೇನ್‌ಲೆಸ್ ಮೊಳೆ, ಸ್ಕ್ರೂಗಳನ್ನೇ ಬಳಸಿ. ಹಲಗೆ ಕತ್ತರಿಸಿದಾಗ ಒಳಗಿನ ಸಂಸ್ಕರಿಸದ ಮರ ಹೊರಬರುತ್ತದೆ, ಆ ತುದಿಗೆ ಮರರಕ್ಷಕ ದ್ರಾವಣವನ್ನು ಕುಂಚದಿಂದ ಹಚ್ಚಿಯೇ ಮುಂದುವರಿಯಿರಿ.

ಮರ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. 15 ಸೆಂ.ಮೀ. ಅಗಲದ ಹಲಗೆ ಒಣಗಾಲಕ್ಕೂ ಮಳೆಗಾಲಕ್ಕೂ ಎರಡು ಮೂರು ಮಿಲಿಮೀಟರ್ ಬದಲಾಗಬಹುದು. ಒಂದರ ಮೇಲೊಂದು ಹೊದಿಸಿದ ಹಲಗೆಗಳಲ್ಲಿ ಮೇಲಿನ ಹಲಗೆಯ ಮೊಳೆ ಕೆಳಗಿನದನ್ನೂ ಚುಚ್ಚಿ ಹಿಡಿದರೆ, ಅದು ಸರಿಯಲು ಜಾಗವಿಲ್ಲದೆ ಸೀಳುತ್ತದೆ. ಪ್ಲೈವುಡ್ ಬಳಸುವವರು ನೀರಿಗೆ ಬಿಡದ ಅಂಟಿನ ದರ್ಜೆ ಕೇಳಿ, ನಾಲ್ಕೂ ಅಂಚನ್ನು ಮುಚ್ಚಿ. ಮರದ ಪುಡಿಯನ್ನು ಒತ್ತಿ ಮಾಡಿದ ಬೋರ್ಡು ಶೆಡ್ಡಿನ ಹತ್ತಿರವೂ ಸುಳಿಯಬಾರದು. ನೆನೆದರೆ ಹಪ್ಪಳದಂತೆ ಉಬ್ಬುತ್ತದೆ.

ಗೆದ್ದಲು ಇರುವ ಕಡೆ ನೆಲದಿಂದ ಮರದವರೆಗೆ ಕಣ್ಣಿಗೆ ಕಾಣುವ ಖಾಲಿ ಜಾಗ ಇರಬೇಕು. ಗೆದ್ದಲನ್ನು ಅದೇನೂ ತಡೆಯದು, ಆದರೆ ಅದು ಕಟ್ಟುವ ಮಣ್ಣಿನ ಕೊಳವೆ ನಿಮ್ಮ ಕಣ್ಣಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಬಗ್ಗಿ ನೋಡುವ ಅಭ್ಯಾಸವಿಲ್ಲದವರು ಮರದ ಆಸೆ ಬಿಡುವುದು ಮೇಲು. ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತಿದ್ದೇನೆ: ಮರದ ಶೆಡ್ ಕೆಡುವುದು ಮರದ ದೋಷದಿಂದ ಎನ್ನುವುದಕ್ಕಿಂತ ಅದರ ಒಡೆಯನ ಉದಾಸೀನದಿಂದ ಎಂದರೆ ಸರಿ.

*ಪ್ಲಾಸ್ಟಿಕ್.* ಅರ್ಧ ದಿನದಲ್ಲಿ ಜೋಡಿಸಬಹುದು, ಬಣ್ಣ ಬೇಡ, ತುಕ್ಕಿಲ್ಲ, ಗೆದ್ದಲಿಲ್ಲ. ಬಾಡಿಗೆ ಮನೆಯವರು ಬಿಚ್ಚಿಕೊಂಡೂ ಹೋಗಬಹುದು. ಹೆಚ್ಚಿನವು ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಅಥವಾ ಪಿವಿಸಿಯವು. ಚೂರನ್ನು ನೀರಿಗೆ ಹಾಕಿದರೆ ಮೊದಲೆರಡು ಸಾಮಾನ್ಯವಾಗಿ ತೇಲುತ್ತವೆ, ಪಿವಿಸಿ ಮುಳುಗುತ್ತದೆ.

ಇದರ ಶತ್ರು ಬಿಸಿಲು. ಸೂರ್ಯನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನು ಕಡಿಯುತ್ತ ಬರುತ್ತದೆ. ಮೊದಲು ಬಣ್ಣ ಮಾಸುತ್ತದೆ, ಬೆರಳಾಡಿಸಿದರೆ ಸುಣ್ಣದಂಥ ಪುಡಿ ಹತ್ತುತ್ತದೆ, ಆಮೇಲೆ ಒಂದು ದಿನ ಮೂಲೆ ಸೀಳುತ್ತದೆ. ಕಿರಣ ತಡೆಯುವ ಸೇರಿಕೆ ಇದೆಯೇ, ಎಷ್ಟು ವರ್ಷದ ಭರವಸೆ ಕೊಡುತ್ತಾರೆ ಎಂದು ಕೇಳಿ. ಎರಡನೆಯ ಗುಣ ಹಿಗ್ಗುವಿಕೆ. ತಾಪ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಎರಡು ಮೀಟರ್ ಉದ್ದದ ಉಕ್ಕಿನ ತಗಡು ಮುಕ್ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಪಾಲಿಎಥಿಲೀನ್ ಹಾಳೆ ಏಳರಿಂದ ಹನ್ನೆರಡು ಮಿಲಿಮೀಟರ್. ಅದಕ್ಕೇ ಆ ಶೆಡ್‌ಗಳ ಕೀಲುಗಳು ಸಡಿಲವಾಗಿರುತ್ತವೆ. ಸಡಿಲವೆಂದು ಸ್ಕ್ರೂ ಹಾಕಿ ಬಿಗಿದರೆ ಹಾಳೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ, ಬಾಗಿಲು ಕೂರುವುದಿಲ್ಲ. ಮೂರನೆಯದು, ಸದಾ ಭಾರ ಹೊತ್ತರೆ ಪ್ಲಾಸ್ಟಿಕ್ ನಿಧಾನವಾಗಿ ಜೋಲುತ್ತದೆ ಮತ್ತು ಹಿಂದಿನ ಆಕಾರಕ್ಕೆ ಮರಳುವುದಿಲ್ಲ. ಹಲ್ಲು ಮಸೆಯುವ ಹೆಗ್ಗಣಕ್ಕೆ ಇದು ಗೋಡೆಯೇ ಅಲ್ಲ. ಧಾನ್ಯ, ಬೀಜ, ಪ್ರಾಣಿಗಳ ಆಹಾರ ಇಡುವವರು ಲೋಹದ ಡಬ್ಬಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

*ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್.* ಕಳ್ಳರಿಗೆ, ಬೆಂಕಿಗೆ, ಗಾಳಿಗೆ ಬಗ್ಗದ್ದು. ಆದರೆ ನಾಲ್ಕು ಟನ್ ಹೊರಲು ಅಡಿಪಾಯ ಬೇಕು, ಗೋಡೆಯ ಬುಡದಲ್ಲಿ ನೆಲದ ತೇವ ಮೇಲೇರದಂತೆ ತಡೆಪದರ ಬೇಕು, ಕಟ್ಟಿದ ಮೇಲೆ ಕನಿಷ್ಠ ಏಳು ದಿನ ನೀರುಣಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಜಾಗ ತಪ್ಪಾಯಿತು ಎಂದು ಆಮೇಲೆ ಸರಿಸಲಾಗದು. ಇಪ್ಪತ್ತು ವರ್ಷ ಅಲ್ಲೇ ಇರಲಿ ಎಂಬ ಖಚಿತತೆ ಇದ್ದರೆ ಮಾತ್ರ ಕೈಹಾಕಿ.

*ಸಿಮೆಂಟ್ ಶೀಟು, ಬೋರ್ಡು.* ಇಂದಿನ ನಾರು-ಸಿಮೆಂಟ್ ಬೋರ್ಡು ಕೊಳೆಯುವುದಿಲ್ಲ, ಉರಿಯುವುದಿಲ್ಲ, ಗೋಡೆಗೆ ಒಳ್ಳೆಯದು. ಕತ್ತರಿಸುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಅಪಾಯ. ದೂಳಿಗೆಂದೇ ಮಾಡಿದ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸುತ್ತ ಕತ್ತರಿಸಬೇಕು. ಹಳೆಯ ಬೂದು ಸುಕ್ಕು ಶೀಟುಗಳ ಮಾತು ಬೇರೆ. ಅವುಗಳಲ್ಲಿ ಹಲವು ಆಸ್ಬೆಸ್ಟಾಸ್ ನಾರಿನವು, ಅದರ ದೂಳು ಕ್ಯಾನ್ಸರ್‌ಕಾರಕ. ಆಸ್ಟ್ರೇಲಿಯಾ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರ ಹೊತ್ತಿಗೆ ಅದರ ಬಳಕೆಯನ್ನು ನಿಷೇಧಿಸಿದವು. ಹಳೆಯ ಕಟ್ಟಡದಿಂದ ಬಿಚ್ಚಿದ ಶೀಟನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ನಿಮ್ಮಲ್ಲೇ ಇದ್ದರೆ ಒಡೆಯಬೇಡಿ, ಕೊರೆಯಬೇಡಿ, ಗುಡಿಸಬೇಡಿ. ತೆಗೆಯಲು ತಿಳಿದವರನ್ನೇ ಕರೆಸಿ.

ಹೆಜ್ಜೆ 4: ಒಂದೇ ವಸ್ತುವಿಗೆ ಜೋತುಬೀಳಬೇಡಿ

ಪಾದಕ್ಕೊಂದು, ಗೋಡೆಗೊಂದು, ತಲೆಗೊಂದು ಆರಿಸಿಕೊಳ್ಳಲು ಯಾರೂ ಅಡ್ಡ ಬರುವುದಿಲ್ಲ. ನನ್ನ ಈಗಿನ ಶೆಡ್ ಹಾಗೆ ಆದದ್ದು: ಕೆಳಗೆ ಎರಡು ವರಸೆ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ಸಂಸ್ಕರಿಸಿದ ಮರದ ಚೌಕಟ್ಟು ಮತ್ತು ಹಲಗೆ, ಮಾಡಿಗೆ ಬಣ್ಣದ ತಗಡು, ನಡುವೆ ಬೆಳಕಿಗೆಂದು ಪಾಲಿಕಾರ್ಬೊನೇಟಿನ ಒಂದು ಪಟ್ಟಿ. ಆ ಪಟ್ಟಿಯ ಒಂದು ಮೈಗೆ ಮಾತ್ರ ಬಿಸಿಲು ತಡೆಯುವ ಲೇಪವಿರುತ್ತದೆ. ಯಾವುದು ಹೊರಗೆ ಎಂದು ಅದರ ಮೇಲಿನ ಹಾಳೆಯಲ್ಲಿ ಬರೆದಿರುತ್ತಾರೆ, ಹಾಳೆ ಕಿತ್ತುಹಾಕುವ ಮುನ್ನ ಓದಿ.

ಬೆರೆಸುವಾಗ ಒಂದು ಎಚ್ಚರಿಕೆ. ಕೆಲವು ಜೋಡಿ ಕೂಡುವುದಿಲ್ಲ. ತಾಮ್ರದ ಮೇಲಿಂದ ಹರಿದ ನೀರು ಸತುವಿನ ತಗಡಿನ ಮೇಲೆ ಬಿದ್ದರೆ ಸತು ಸವೆಯುತ್ತದೆ. ತಾಮ್ರ ಹೊಗಿಸಿದ ಮರ ನೇರವಾಗಿ ಅಲ್ಯೂಮಿನಿಯಂಗೆ ತಾಗಿ ಒದ್ದೆಯಾಗಿದ್ದರೂ ಇದೇ ಪಾಡು. ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಇಟ್ಟರೆ ಜಗಳ ಬಗೆಹರಿಯುತ್ತದೆ.

ಹೆಜ್ಜೆ 5: ನೆಲ, ಬಾಗಿಲು

ಎಂಥ ವಸ್ತು ತಂದರೂ ನೆಲ ವಾರೆಯಾಗಿದ್ದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಅಡಿಪಾಯದ ಗುರುತು ಹಾಕಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. 3 ಮೀಟರಿಗೆ 2 ಮೀಟರಿನ ಆಯವಾದರೆ ಎರಡೂ 3.606 ಮೀಟರ್ ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಗೂಟ ಕಿತ್ತು ಮತ್ತೆ ಹೊಡೆಯಿರಿ, ಈಗ ಹತ್ತು ನಿಮಿಷದ ಕೆಲಸ. ಯಂತ್ರಗಳ ಭಾರಕ್ಕೆ 10 ಸೆಂ.ಮೀ. ಕಾಂಕ್ರೀಟ್ ಹಾಸು ಸಾಕು, ಅದು ಶೆಡ್ಡಿನ ಗೋಡೆಯಿಂದ ಹೊರಗೆ ಚಾಚದಿರಲಿ. ಚಾಚಿದ ಅಂಚಿನ ಮೇಲೆ ಬಿದ್ದ ನೀರು ಒಳಗೆ ಹರಿಯುತ್ತದೆ.

ಬಾಗಿಲಿನ ಅಗಲವನ್ನು ನಿಮ್ಮ ಅತ್ಯಂತ ಅಗಲದ ಸಾಮಾನಿನ ಮೇಲೆ ತೀರ್ಮಾನಿಸಿ, ಕೈ ತರಚದಂತೆ ಅದರ ಮೇಲೆ 15 ಸೆಂ.ಮೀ. ಸೇರಿಸಿ. ಬೀಗ ದೊಡ್ಡದಿದ್ದು ಬಿಜಾಗರಿಯ ಸ್ಕ್ರೂ ಹೊರಗಿನಿಂದ ಬಿಚ್ಚುವಂತಿದ್ದರೆ ಕಳ್ಳನಿಗೆ ಬೀಗದ ಗೊಡವೆಯೇ ಬೇಡ. ಬಿಜಾಗರಿಗೂ ಚಿಲಕಕ್ಕೂ ಆಚೆಯಿಂದ ಈಚೆಗೆ ತೂರಿ, ಒಳಗೆ ನಟ್ಟು ಬಿಗಿಯುವ ಬೋಲ್ಟ್ ಹಾಕಿಸಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬನು ನಾನೇ. ಗಾಳಿ ಕಿಂಡಿಗಳಿಗೆ 6 ಮಿ.ಮೀ. ಕಣ್ಣಿನ ತಂತಿ ಬಲೆ ಬಡಿಯಿರಿ. ಅದಕ್ಕಿಂತ ದೊಡ್ಡ ಕಣ್ಣಾದರೆ ಇಲಿಮರಿ ನುಸುಳುತ್ತದೆ.

ಹೆಜ್ಜೆ 6: ಸಾಮಾನು ಒಳಗಿಡುವ ಮುನ್ನ

ಶೆಡ್ ಎದ್ದು ನಿಂತಿತೆಂದು ಅಂದೇ ಎಲ್ಲವನ್ನೂ ತುಂಬಬೇಡಿ. ನಡುಹಗಲಿನಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸೂಜಿಮೊನೆಯಷ್ಟು ಬೆಳಕು ಎಲ್ಲೆಲ್ಲಿ ಕಾಣುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಒಂದು ಜೋರು ಮಳೆಗೆ ಕಾಯಿರಿ, ಅಥವಾ ಪೈಪಿನಿಂದ ಮಾಡಿನ ಮೇಲೆ ಹತ್ತು ನಿಮಿಷ ನೀರು ಬಿಟ್ಟು ಒಬ್ಬರು ಒಳಗೆ ನಿಲ್ಲಿ. ಕೊನೆಗೆ ಒಂದು ರಾತ್ರಿ ಶೆಡ್ ಮುಚ್ಚಿಟ್ಟು, ನಸುಕಿನಲ್ಲಿ ಎದ್ದು ಹೋಗಿ ಚಾವಣಿಯ ಒಳಮೈಗೆ ಅಂಗೈ ಒತ್ತಿ ನೋಡಿ. ಅಂಗೈ ಒಣಗಿದ್ದರೆ ರಟ್ಟಿನ ಪೆಟ್ಟಿಗೆಗಳನ್ನು ತರಬಹುದು. ಒದ್ದೆಯಾದರೆ ಸೀಲೆಂಟ್ ಡಬ್ಬಿಯನ್ನು ಬದಿಗಿಟ್ಟು, ಇನ್ನೊಂದು ಕಿಂಡಿ ಕೊರೆಯಲು ಜಾಗ ಗುರುತಿಸಿ.